ಕ್ರಿಸ್‌ಮಸ್‌ಗೆ ಎಲ್ಲಿಗೆ ಹೋಗೋದು? ಚೀಟಿ ಬರೆದು ತೀರ್ಮಾನ ಮಾಡಿದ ನನ್ನ ಅನುಭವ

ಮೊದಲನೇ ಸಲ ನಾನು ಮಾಡಿದ್ದು ಪೂರ್ತಿ ಎಡವಟ್ಟು. ಅದನ್ನೇ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಆಮೇಲೆ ಕಲಿತದ್ದೆಲ್ಲ ಅದರಿಂದಲೇ.

ಮನೆಯಲ್ಲಿ ನಾವು ಐದು ಜನ. ನಾನು, ನಮ್ಮೆಜಮಾನ್ರು, ಅತ್ತೆ, ಇಬ್ಬರು ಮಕ್ಕಳು. ಆಗ ಮಗಳಿಗೆ 11, ಮಗನಿಗೆ 4. ಎಲ್ಲರಿಗೂ ಸರ್‌ಪ್ರೈಸ್ ಕೊಡಬೇಕು ಅಂತ ಹುಮ್ಮಸ್ಸು ಬಂದು, ಯಾರನ್ನೂ ಕೇಳದೆ ಒಬ್ಬಳೇ ಕೂತು ಜರ್ಮನಿಯ ನ್ಯೂರೆಂಬರ್ಗ್‌ಗೆ ಟಿಕೆಟ್ ತೆಗೆದೆ. ಅಲ್ಲಿನ ಕ್ರಿಸ್‌ಮಸ್ ಸಂತೆ ತುಂಬ ಹಳೆಯದು, 1628ರಲ್ಲೇ ಅದರ ದಾಖಲೆ ಇದೆ. ಮರದ ಪುಟ್ಟ ಪುಟ್ಟ ಅಂಗಡಿಗಳು, ಮೇಲೆ ಕೆಂಪು-ಬಿಳಿ ಪಟ್ಟೆಯ ಬಟ್ಟೆ, ಹಿಂದೆ ಹಳೆಯ ಚರ್ಚು. ಫೋಟೋ ನೋಡಿದರೆ ಯಾರಾದರೂ ಬೀಳ್ತಾರೆ. ನಾನೂ ಬಿದ್ದೆ. ಕ್ರಿಸ್‌ಮಸ್ ಸಂತೆ ಅಂದಮೇಲೆ ಕ್ರಿಸ್‌ಮಸ್ ದಿನ ಇದ್ದೇ ಇರುತ್ತೆ ಅಲ್ವಾ ಅಂದುಕೊಂಡು 25ನೇ ತಾರೀಕು ಬೆಳಿಗ್ಗೆ ತಲುಪೋ ಹಾಗೆ ವಿಮಾನ ಹಿಡಿದೆವು.

ಇರಲಿಲ್ಲ. ಆ ಸಂತೆ 24ಕ್ಕೇ ಮುಗಿಯುತ್ತದೆ. ಅದು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ಸಂತೆ, ಹಬ್ಬಕ್ಕೆ ತಯಾರಿ ಮಾಡಿಕೊಳ್ಳೋದಕ್ಕೆ ಇರೋದು. ಹಬ್ಬದ ದಿನ ಅಂಗಡಿಯವರೂ ಮನೆಯಲ್ಲಿ ಹಬ್ಬ ಮಾಡ್ತಾರೆ. ಇಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಹೌಪ್ಟ್‌ಮಾರ್ಕ್ಟ್ ಅನ್ನೋ ಆ ದೊಡ್ಡ ಚೌಕದಲ್ಲಿ ಜಿಟಿಜಿಟಿ ಮಳೆಯಲ್ಲಿ ನಾವು ಐದು ಜನ, ಹಲಗೆ ಮುಚ್ಚಿದ ಅಂಗಡಿ ಸಾಲು, ಅಷ್ಟೇ. ಜರ್ಮನಿಯಲ್ಲಿ 25, 26 ಎರಡೂ ದಿನ ಸರ್ಕಾರಿ ರಜೆ, ಅಂಗಡಿಗಳು 24ರ ಮಧ್ಯಾಹ್ನವೇ ಬಾಗಿಲು ಹಾಕಿರುತ್ತವೆ. ಆ ರಾತ್ರಿ ನಮಗೆ ಊಟ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಮಗ ಬೆಂಚಿನ ಮೇಲೆ ಕೂತು ಬನ್ ತಿನ್ನುತ್ತಾ, "ಕ್ರಿಸ್‌ಮಸ್ ಯಾವಾಗ?" ಅಂತ ಕೇಳಿದ. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದರೆ ಅದು ಜಾಸ್ತಿ ಚುಚ್ಚುತ್ತದೆ. ಅವರಿಗೆ 24ರ ರಾತ್ರಿ ತಮ್ಮ ಚರ್ಚಿನಲ್ಲಿ ಇರಬೇಕಿತ್ತು, ಅವತ್ತು ನಾವು ಅವರನ್ನು ವಿಮಾನದಲ್ಲಿ ಕೂರಿಸಿದ್ದೆವು.

ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟೆ. ಎರಡೇ ಪ್ರಶ್ನೆ. ಈ ಕ್ರಿಸ್‌ಮಸ್‌ಗೆ ಒಂದು ಏನು ಬೇಕು, ಒಂದು ಏನು ಖಂಡಿತ ಬೇಡ. ಒಬ್ಬರದನ್ನ ಇನ್ನೊಬ್ಬರು ನೋಡೋ ಹಾಗಿಲ್ಲ. ಇದು ಮುಖ್ಯ. ಎಲ್ಲರ ಮುಂದೆ ಕೇಳಿದರೆ ದೊಡ್ಡವರು "ಮಕ್ಕಳಿಗೆ ಏನಿಷ್ಟವೋ ಅದೇ" ಅಂದುಬಿಡ್ತಾರೆ, ಮಕ್ಕಳು ಮೊದಲು ಬಾಯಿ ಬಿಟ್ಟವರು ಹೇಳಿದ್ದನ್ನೇ ಹೇಳ್ತಾರೆ.

ಅತ್ತೆ ಬರೆದಿದ್ದು: ಬೇಕು, 24ರ ರಾತ್ರಿ ಚರ್ಚು. ಬೇಡ, ಅಡುಗೆಮನೆ. ಮೂವತ್ತೈದು ವರ್ಷದಿಂದ ಹಬ್ಬದ ದಿನ ಒಲೆ ಮುಂದೆ ನಿಂತವರು ಅವರು, ಒಂದು ಸಲಾನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಗಳದ್ದು: ಬೇಕು, ರಾತ್ರಿ ಎಚ್ಚರ ಇರೋದಕ್ಕೆ ಪರ್ಮಿಷನ್. ಬೇಡ, ಫೋಟೋ. ಇವರದ್ದು: ಬೆಳಿಗ್ಗೆ ಅಲಾರಂ ಬೇಡ, ಬೇಕು ಅನ್ನೋ ಕಡೆ ಖಾಲಿ. ಮಗನ ಚೀಟಿ ಪೂರ್ತಿ ಖಾಲಿ ಇತ್ತು. ಬರೆಯೋದಕ್ಕೆ ಬರ್ತಿರಲಿಲ್ಲ, ಚಿತ್ರ ಬಿಡಿಸು ಅಂದಿದ್ದೆ. "ಏನೋ ಇದು, ಏನೂ ಇಲ್ಲ?" ಅಂದರೆ, "ಅದು ಹಿಮ ಅಮ್ಮಾ" ಅಂದ.

ಆ ವರ್ಷ ಪ್ರಯಾಣ ಆಗುವ ಹಾಗಿರಲಿಲ್ಲ. ಅತ್ತೆಯ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಹಾಗಾಗಿ ಮನೆಯಲ್ಲೇ ಏನು ಮಾಡಬಹುದು ಅಂತ ಚೀಟಿಗಳನ್ನ ಮೇಜಿನ ಮೇಲೆ ಹರಡಿಕೊಂಡು ಕೂತೆ. ಅತ್ತೆಗೆ ಎರಡು ದಿನ ಅಡುಗೆಮನೆಗೆ ಪ್ರವೇಶ ಇಲ್ಲ ಅಂತ ಬಾಗಿಲಿಗೆ ಬೋರ್ಡು ಹಾಕಿದೆವು. (ಅವರು ಮೂರು ಸಲ ಬಂದು ಇಣುಕಿ, ಉಪ್ಪು ಹಾಕಿದ್ರಾ ಅಂತ ಕೇಳಿದರು, ಅದು ಬೇರೆ ವಿಷಯ.) ಮಗನಿಗೆ ಹಿಮ ತರಿಸೋದಕ್ಕಾಗಲ್ಲ. ಅದರ ಬದಲು ಕ್ರಿಸ್‌ಮಸ್ ಮರದ ಬುಡದಲ್ಲಿ ಅವನಿಗೆ ಹಾಸಿಗೆ ಹಾಸಿದೆವು, ರಾತ್ರಿಯಿಡೀ ಮರದ ದೀಪ ಉರಿಯುತ್ತಾ ಇತ್ತು. ಕೆಳಗೆ ಮಲಗಿ ಮೇಲಕ್ಕೆ ನೋಡಿದರೆ ಮರ ಬೇರೆ ಥರಾನೇ ಕಾಣುತ್ತದೆ, ನಾನೂ ಪಕ್ಕದಲ್ಲಿ ಮಲಗಿ ನೋಡಿದೆ. ಇವತ್ತಿಗೂ ಅವನು ಜಾಸ್ತಿ ಮಾತಾಡೋದು ಆ ರಾತ್ರಿ ಬಗ್ಗೆ. ಖರ್ಚು ಸೊನ್ನೆ.

ಮಗಳಿಗೆ ಏನು ಅನ್ನೋದೇ ಕಷ್ಟ ಆಗಿತ್ತು. ಹನ್ನೆರಡು ವರ್ಷದವರಿಗೆ ಎಲ್ಲಾನೂ ಬೋರು. ಕೊನೆಗೆ ರೇಡಿಯೋ ಕೈಹಿಡಿಯಿತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಪ್ರತಿ ವರ್ಷ ಡಿಸೆಂಬರ್ 24ರಂದು ಅಲ್ಲಿನ ಮಧ್ಯಾಹ್ನ 3 ಗಂಟೆಗೆ ಕ್ಯಾರೊಲ್, ಅಂದರೆ ಕ್ರಿಸ್‌ಮಸ್ ಹಾಡುಗಳ ಆರಾಧನೆ ನಡೆಯುತ್ತದೆ. ಶುರುವಾಗಿದ್ದು 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುತಿಂಗಳೇ. 1928ರಿಂದ ಬಿಬಿಸಿ ರೇಡಿಯೋದಲ್ಲಿ ಬರುತ್ತಿದೆ. ಅದು ಶುರುವಾಗೋದು ಒಬ್ಬ ಹುಡುಗ ಒಂಟಿಯಾಗಿ ಹಾಡುವುದರಿಂದ, ಹಿಂದೆ ಯಾವ ವಾದ್ಯವೂ ಇಲ್ಲ. ಯಾವ ಹುಡುಗ ಹಾಡಬೇಕು ಅನ್ನೋದು ಆ ಹುಡುಗನಿಗೇ ಕೊನೇ ಗಳಿಗೆಯವರೆಗೆ ಗೊತ್ತಿರೋದಿಲ್ಲ, ಸಂಗೀತ ನಿರ್ದೇಶಕರು ಆಗ ಅಲ್ಲೇ ಸನ್ನೆ ಮಾಡ್ತಾರೆ. ಮೊದಲೇ ಹೇಳಿದರೆ ಹೆದರಿಕೊಳ್ತಾನೆ ಅಂತ. ಇದನ್ನ ಹೇಳಿದ ಕೂಡಲೇ ಮಗಳು ಫೋನ್ ಕೆಳಗಿಟ್ಟಳು. "ಅಂದ್ರೆ ಎಲ್ಲ ಹುಡುಗರೂ ರೆಡಿಯಾಗಿ ನಿಂತಿರಬೇಕಾ?" ಅಂದಳು. ಹಾಲ್‌ನ ದೀಪ ಆರಿಸಿ ಕತ್ತಲಲ್ಲಿ ಕೂತೆವು. ಆ ದನಿ ಶುರುವಾಗೋ ಮುಂಚಿನ ಎರಡು ಸೆಕೆಂಡು ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಅದನ್ನ ಬರೆದೆ ಅಂತ ಗೊತ್ತಾದರೆ ನನ್ನ ಕಥೆ ಮುಗೀತು.

ಚೀಟಿ ವಿಷಯ ಹಿಡಿದುಕೊಂಡದ್ದು ಆವಾಗಲೇ. ಅದರಲ್ಲೂ "ಬೇಡ" ಅನ್ನೋ ಕಡೆ. "ಬೇಕು" ಅನ್ನೋದನ್ನ ಹೊಂದಿಸೋದಕ್ಕೆ ಆಗದಿದ್ದರೂ ಪರವಾಗಿಲ್ಲ, ಮಕ್ಕಳು ಮರೆತುಬಿಡ್ತಾರೆ. "ಬೇಡ" ಅನ್ನೋದನ್ನ ಮಾಡಿದರೆ ಮಾತ್ರ ಯಾರೂ ಮರೆಯಲ್ಲ. ರೈಲ್ವೆ ಸ್ಟೇಷನ್ನಿನ ಬೆಂಚು ನಮ್ಮ ಮನೆಯಲ್ಲಿ ಇನ್ನೂ ಜೀವಂತ ಇದೆ.

ಮೂರನೇ ವರ್ಷ ಹಿಮ ನೋಡೋಕೆ ಹೋದೆವು. ಈ ಸಲ ಊರು ಆರಿಸೋ ಮೊದಲು ತಾರೀಕು ಆರಿಸಿದೆ. 24 ಮತ್ತು 25 ಮನೆಗೆ ಮೀಸಲು, ಅತ್ತೆಯ ಚೀಟಿ ಹಾಗೇ ಹೇಳಿತ್ತಲ್ಲ. ಉಳಿದದ್ದು ಮುಂಚೆ ಇಲ್ಲ ಆಮೇಲೆ. ಆಮೇಲೆ ಅಂದರೆ ಹೊಸ ವರ್ಷದ ನೂಕುನುಗ್ಗಲು, ಟಿಕೆಟ್ ದರವೂ ಮೇಲೆ. ಹಾಗಾಗಿ ಡಿಸೆಂಬರ್ 9ರಿಂದ 14. ಕ್ಲಾಸ್ ಟೀಚರ್ ಹತ್ತಿರ ಮೊದಲೇ ಮಾತಾಡಿ ಮಕ್ಕಳಿಗೆ ರಜೆ ಹಾಕಿಸಿದೆ. ಆಮೇಲೆ ಒಟ್ಟು ಎಷ್ಟು ಖರ್ಚು ಮಾಡಬಹುದು ಅಂತ ಇವರೂ ನಾನೂ ಕೂತು ಒಂದೇ ಒಂದು ಮೊತ್ತ ಬರೆದೆವು. ಅದು ಆದಮೇಲೇ ಭೂಪಟ ತೆಗೆದದ್ದು. ಉಲ್ಟಾ ಮಾಡಿದರೆ, ಅಂದರೆ ಮೊದಲು ಊರಿನ ಮೇಲೆ ಮನಸ್ಸು ಹೋದರೆ, ಮೊತ್ತ ತಾನಾಗೇ ಬೆಳೆಯುತ್ತಾ ಹೋಗುತ್ತದೆ.

ಫಿನ್‌ಲೆಂಡಿನ ರೊವಾನಿಯೆಮಿ ಅಂತ ತೀರ್ಮಾನ ಆಯಿತು. ಡಿಸೆಂಬರ್ ಹೊತ್ತಿಗೆ ಅಲ್ಲಿ ಸಾಮಾನ್ಯವಾಗಿ ಹಿಮ ಕೂತಿರುತ್ತದೆ, ಊರಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ಭೂಪಟದಲ್ಲಿ ಉತ್ತರ ಧ್ರುವದ ಸುತ್ತ ಎಳೆದಿರೋ ಆರ್ಕ್‌ಟಿಕ್ ವೃತ್ತದ ಗೆರೆ ಮೇಲೇ ಸಾಂತಾಕ್ಲಾಸ್ ಹಳ್ಳಿ ಇದೆ, ಅದು ವರ್ಷಪೂರ್ತಿ ತೆರೆದಿರುತ್ತದೆ. (ಇದನ್ನ ಎರಡು ಸಲ ಖಚಿತ ಮಾಡಿಕೊಂಡೆ, ನ್ಯೂರೆಂಬರ್ಗ್ ಬುದ್ಧಿ ಕಲಿಸಿತ್ತು.) ಒಳಗೆ ಹೋಗೋದಕ್ಕೆ ದುಡ್ಡಿಲ್ಲ. ಸಾಂತಾನ ಭೇಟಿಗೂ ಇಲ್ಲ. ಅಲ್ಲಿ ತೆಗೆಸಿಕೊಳ್ಳೋ ಫೋಟೋಗೆ, ಹಿಮಸಾರಂಗದ ಗಾಡಿಗೆ, ಸವಾರಿಗಳಿಗೆ ಮಾತ್ರ ದುಡ್ಡು, ಅದೇ ಜಾಸ್ತಿ ಆಗೋದು.

ಇಷ್ಟಾದರೂ ಒಂದು ಕಡೆ ಜಾರಿ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಅತ್ತೆಯ ಪಾಸ್‌ಪೋರ್ಟ್ ಅವಧಿ ಮುಂದಿನ ಫೆಬ್ರವರಿವರೆಗೆ ಇತ್ತು. ಸಾಕು ಅಂದುಕೊಂಡಿದ್ದೆ. ಆದರೆ ಷೆಂಗೆನ್ ದೇಶಗಳಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು, ಫಿನ್‌ಲೆಂಡ್ ಅದರಲ್ಲೊಂದು) ಹೊರಡುವ ದಿನದಿಂದ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು. ಡಿಸೆಂಬರ್ 14ಕ್ಕೆ ಹೊರಟರೆ ಮಾರ್ಚ್ 14ರವರೆಗಾದರೂ ಬೇಕು. ಆಗಸ್ಟ್‌ನಲ್ಲೇ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ, ಹೊಸದು ಮಾಡಿಸೋದಕ್ಕೆ ಟೈಮ್ ಇತ್ತು. ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು, ಕೊನೇವರೆಗೆ ಕಾಯಬೇಡಿ.

ಉಳಿದುಕೊಳ್ಳೋದಕ್ಕೆ ಮರದ ಕಾಟೇಜು ಚೆಂದ ಕಾಣಿಸಿತು, ಆದರೆ ಅದರಲ್ಲಿ ಅಡುಗೆಮನೆ ಇತ್ತು. ಅಡುಗೆಮನೆ ಇದ್ದರೆ ಅತ್ತೆ ಅಲ್ಲೇ ಇರ್ತಾರೆ, ಬೋರ್ಡು ಹಾಕಿದರೂ. ಹಾಗಾಗಿ ಊಟ-ತಿಂಡಿ ಸೇರಿದ ಹೋಟೆಲ್ಲು. ದುಡ್ಡು ವಾಪಸ್ ಬರೋ ಥರದ ಬುಕಿಂಗ್, ಸ್ವಲ್ಪ ದುಬಾರಿಯಾದರೂ ಸರಿ. ಚಿಕ್ಕ ಮಕ್ಕಳಿರೋ ಮನೆಯಲ್ಲಿ ಜ್ವರ ಹೇಳಿಕೇಳಿ ಬರಲ್ಲ.

ಬೆಳಕಿನ ವಿಷಯ ತಿಳಿದಿತ್ತು, ಆದರೂ ಕಣ್ಣಾರೆ ಕಂಡಾಗ ವಿಚಿತ್ರ ಅನ್ನಿಸಿತು. ಆ ಹೊತ್ತಿನಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಹೆಚ್ಚುಕಮ್ಮಿ ಬೆಳಿಗ್ಗೆ 11ಕ್ಕೆ, ಹುಟ್ಟಿ ಸುಮಾರು ಎರಡೂವರೆ ಗಂಟೆಯಲ್ಲಿ ಮುಳುಗಿಬಿಡುತ್ತಾನೆ. ಅದಕ್ಕೆ ಮುಂಚೆ, ಆಮೇಲೆ ಒಂದು ನೀಲಿ ಬೆಳಕು ಇರುತ್ತದೆ. ಹಾಗಾಗಿ ದಿನಕ್ಕೆ ಒಂದೇ ಒಂದು ದೊಡ್ಡ ಕೆಲಸ ಅಂತ ಇಟ್ಟುಕೊಂಡೆವು, ಇವರ ಅಲಾರಂ ಬೇಡಿಕೆ ತಾನಾಗೇ ಈಡೇರಿತು. ಒಂದು ದಿನ ಪೂರ್ತಿ ಖಾಲಿ ಬಿಟ್ಟಿದ್ದೆ. ಅದೇ ಎಲ್ಲರಿಗೂ ಇಷ್ಟವಾದ ದಿನ.

ಚಳಿಗೆ ಬಟ್ಟೆ ಬಗ್ಗೆ ಎರಡು ಮಾತು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿಕೊಂಡು ತಣ್ಣಗಾಗುತ್ತದೆ, ಉಣ್ಣೆ ಇರಲಿ. ಮಕ್ಕಳಿಗೆ ಬೆರಳು ಬೇರೆ ಬೇರೆ ಇರೋ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರೋದು ಬೆಚ್ಚಗಿರುತ್ತದೆ. ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿಟ್ಟುಕೊಳ್ಳಿ. ದಪ್ಪ ಜಾಕೆಟ್ಟು, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಐದು ಜನಕ್ಕೆ ಕೊಂಡುಕೊಂಡು ಹೋಗಿ ಆಮೇಲೆ ಬೀರುವಿನಲ್ಲಿ ಪೂಜೆ ಮಾಡಬೇಕಾಗಿಲ್ಲ.

ಅಲ್ಲಿ ರಾತ್ರಿ ಆಕಾಶದಲ್ಲಿ ಮೂಡೋ ಬಣ್ಣದ ಬೆಳಕು, ಅರೋರಾ ಅಂತಾರಲ್ಲ ಅದು, ನಮಗೆ ಕಾಣಿಸಲಿಲ್ಲ. ಐದೂ ರಾತ್ರಿ ಮೋಡ. ಅದಕ್ಕೋಸ್ಕರವೇ ಹೋಗೋರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹಿಮಸಾರಂಗದ ಸವಾರಿ ಬೇಗ ಮುಗಿದುಹೋಯಿತು, ಕೊಟ್ಟ ದುಡ್ಡಿಗೆ ಅದು ನನಗೆ ಸಮಾಧಾನ ಕೊಡಲಿಲ್ಲ. ಮಗನಿಗೆ ಬೇಕಾಗಿದ್ದು ಹೋಟೆಲ್ಲಿನ ಹಿಂದಿನ ಸಣ್ಣ ದಿಬ್ಬ ಮತ್ತು ಒಂದು ಪ್ಲಾಸ್ಟಿಕ್ ತಟ್ಟೆಯಂಥ ಜಾರುಬಂಡಿ. ಹತ್ತೋದು, ಜಾರೋದು, ಮತ್ತೆ ಹತ್ತೋದು. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಮೂಗು ಕೆಂಪಗಾಗಿ ಒಳಗೆ ಓಡಿಬಂದ, ಮೂರನೇ ದಿನ ಎಳೆದುಕೊಂಡು ಬರಬೇಕಾಯಿತು. ಸಾಂತಾನ ಎದುರಿಗೆ ಹೋದಾಗ ಮಾತ್ರ ಅಜ್ಜಿಯ ಕೋಟಿನ ಹಿಂದೆ ಅಡಗಿಕೊಂಡು, ಹೆಸರೂ ಹೇಳಲಿಲ್ಲ. ಮಗಳ "ಬೇಡ" ಇತ್ತಲ್ಲ, ಫೋಟೋ ತೆಗೆಸಲಿಲ್ಲ. ನನಗೆ ಒಳಗೊಳಗೇ ಆಸೆ ಇತ್ತು, ಸುಮ್ನಿದ್ದೆ.

ಆ ಹಳ್ಳಿಯಲ್ಲಿ ಒಂದು ಪುಟ್ಟ ಮರದ ಮನೆ ಇದೆ. 1950ರಲ್ಲಿ ಎಲೀನರ್ ರೂಸ್‌ವೆಲ್ಟ್, ಅಂದರೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಂಡತಿ, ಬರ್ತಾರೆ ಅಂತ ಅವಸರದಲ್ಲಿ ಕಟ್ಟಿದ್ದಂತೆ, ಹಳ್ಳಿ ಬೆಳೆದದ್ದೆಲ್ಲ ಆಮೇಲೆ. ಅತ್ತೆಗೆ ಈ ಕಥೆ ಬಹಳ ಹಿಡಿಸಿತು. "ನೆಂಟರು ಬರ್ತಾರೆ ಅಂದ್ರೆ ಎಲ್ಲಾ ಕಡೆ ಇದೇ ಗಡಿಬಿಡಿ" ಅಂದರು.

ಅಲ್ಲಿನ ಪೋಸ್ಟ್ ಆಫೀಸಿನಲ್ಲಿ ಎರಡು ಡಬ್ಬಿ ಇವೆ. ಹಳದಿ ಡಬ್ಬಿಗೆ ಹಾಕಿದರೆ ಕಾಗದ ಕೂಡಲೇ ಹೊರಡುತ್ತದೆ, ಕೆಂಪು ಡಬ್ಬಿಗೆ ಹಾಕಿದರೆ ಮುಂದಿನ ಕ್ರಿಸ್‌ಮಸ್‌ಗೆ ತಲುಪುತ್ತದೆ. ಮಕ್ಕಳು ಅಲ್ಲಿ ಅರ್ಧ ಗಂಟೆ ಕೂತು ಬರೆದರು. ಹಳದಿಗೋ ಕೆಂಪಿಗೋ ಅಂತ ಜಗಳ ಬೇರೆ. ಅತ್ತೆ ದೂರದ ಮೇಜಿನಲ್ಲಿ ಬೆನ್ನು ತಿರುಗಿಸಿ ಏನೋ ಬರೆಯುತ್ತಿದ್ದರು. "ಯಾರಿಗೆ ಅತ್ತೆ?" ಅಂದರೆ, "ನಿನಗ್ಯಾಕಮ್ಮ" ಅಂದರು.

ಹೋದ ಡಿಸೆಂಬರ್‌ನಲ್ಲಿ ಆ ಕಾರ್ಡು ಬಂತು. ನನ್ನ ಹೆಸರಿಗೇ. ಹಿಂದೆ ಎರಡು ಸಾಲು: "ಹಿಮ ಆಯ್ತು. ಈ ವರ್ಷ ಎಲ್ಲಿಗೆ?"

ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೇನೆ. ಈ ಸಲದ ಚೀಟಿ ಮೂರು ಬಂದಿವೆ, ಮಗಳದ್ದು ಬಾಕಿ.