ಕೌದಿ ಜಾಕೆಟ್‌ಗೆ ಪ್ಯಾಟರ್ನ್ ಹುಡುಕಿದ್ದು

ಡಿಸೆಂಬರ್‌ನಲ್ಲಿ ಬೆಳಗಿನ ಆರಕ್ಕೆ ಸ್ಕೂಟಿ ಹತ್ತಿದರೆ ದಾವಣಗೆರೆಯಲ್ಲೂ ಎದೆಗೆ ಥಂಡಿ ಹೊಡೆಯುತ್ತದೆ. ಅವ್ವನ ಕೌದಿಯ ಹಾಗೆ ಪದರ ಇಟ್ಟು, ಮಷೀನಿನಲ್ಲೇ ಗೆರೆ ಗೆರೆ ಹೊಲಿದ ಜಾಕೆಟ್ ಬೇಕು ಅಂತ ಆಸೆಯಾಯಿತು. ಬ್ಲೌಸು, ಚೂಡಿದಾರ ಹೊಲಿದು ಪಳಗಿದ ಕೈ, ಇದೇನು ಮಹಾ ಅಂದುಕೊಂಡೆ. ಹೊಲಿಗೆ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಅಚ್ಚು.

ಮೊದಲು ಫೋಟೊ ನೋಡಿ ಮರುಳಾದೆ. ಪ್ರಿನ್ಸೆಸ್ ಕಟ್, ಕಾಲರ್, ಎರಡು ತುಂಡಿನ ತೋಳು. ಹಳೇ ಬೆಡ್‌ಶೀಟಿನಲ್ಲಿ ಹೊಲಿದು ನೋಡಿದಾಗ ಚೆನ್ನಾಗಿಯೇ ಕೂತಿತು. ಆದರೆ ವ್ಯಾಡಿಂಗ್ (ಪದರಗಳ ನಡುವಿನ ಮೆತ್ತನೆ ಹಾಸು) ಇಟ್ಟ ಬಟ್ಟೆಯಲ್ಲಿ ಎರಡು ಜೋಡಣೆ ಹೊಲಿಗೆ ಸೇರುವ ಕಡೆ ಮಷೀನ್ ನಿಂತೇ ಹೋಯಿತು. ಡಾಟ್, ಅಂದರೆ ಮೈಗೆ ಹೊಂದಲು ಮಡಿಸಿ ಹೊಲಿಯುವ ಮಡಿಕೆ, ಹಿಡಿದ ಜಾಗ ಕುರುವಿನ ಹಾಗೆ ಉಬ್ಬಿತು. ತೋಳಂತೂ ಸುತ್ತ ಸುಕ್ಕು. ಪಕ್ಕದ ಬೀದಿಯ ಟೈಲರ್ ಅಜ್ಜ ನೋಡಿ ನಕ್ಕ. 'ನೋಡವ್ವಾ, ಗಾದಿ ಬಟ್ಟೆಗೆ ಬ್ಲೌಸಿನ ತೋಳು ಕೂರಿಸ್ತೀನಿ ಅಂದ್ರೆ ಹೆಂಗೆ?'

ಅಜ್ಜ ಹೇಳಿದ್ದು ಸರಿ. ಬ್ಲೌಸಿನ ತೋಳಿನ ತಲೆ, ಅಂದರೆ ಭುಜಕ್ಕೆ ಸೇರುವ ಮೇಲಿನ ಬಾಗು, ಎತ್ತರ ಇರುತ್ತದೆ, ಅದನ್ನು ಸ್ವಲ್ಪ ಸ್ವಲ್ಪ ಅದುಮಿ ಕೂರಿಸುತ್ತೇವೆ. ದಪ್ಪ ಬಟ್ಟೆ ಹಾಗೆ ಅದುಮಿಸಿಕೊಳ್ಳುವುದಿಲ್ಲ. ಆಮೇಲೆ ನಾನು ಫೋಟೊ ನೋಡುವುದನ್ನೇ ಬಿಟ್ಟೆ, ಬರೀ ತುಂಡುಗಳ ಚಿತ್ರ ನೋಡತೊಡಗಿದೆ. ಬೆನ್ನು ಒಂದು, ಮುಂಭಾಗ ಎರಡು, ತೋಳು ಎರಡು. ಭುಜ ಕೆಳಗೆ ಇಳಿದಿರಬೇಕು, ತೋಳಿನ ತಲೆ ಹೆಚ್ಚುಕಡಿಮೆ ಚಪ್ಪಟೆ ಇರಬೇಕು, ಡಾಟ್ ಇರಬಾರದು. ಹೆಸರಲ್ಲಿ 'ಕ್ವಿಲ್ಟೆಡ್' (ಪದರ ಇಟ್ಟು ಹೊಲಿದದ್ದು) ಅಂತ ಇರಲೇಬೇಕು ಅಂತೇನಿಲ್ಲ. ನನಗೆ ಸಿಕ್ಕಿದ್ದು ಸುಮ್ನೆ ಒಂದು ಸಡಿಲ ಕೋಟಿನ ಪ್ಯಾಟರ್ನ್.

ಸೈಜಿನ ವಿಷಯಕ್ಕೂ ಒಂದು ಮಾತು. ಮೈ ಅಳತೆ ನೋಡಿ ಸೈಜ್ ಆರಿಸಬೇಡಿ, ಹೊಲಿದು ಮುಗಿದ ಬಟ್ಟೆಯ ಅಳತೆ ಕೊಟ್ಟಿರುತ್ತಾರೆ, ಅದನ್ನು ನೋಡಿ. ಕಾಲು ಇಂಚು ದಪ್ಪದ ಬಟ್ಟೆ ಮೈಸುತ್ತ ಬಂದರೆ ಒಳಗಡೆ ಒಂದೂವರೆ ಇಂಚು ತಿಂದುಬಿಡುತ್ತದೆ. ನನ್ನ ಎದೆ ಸುತ್ತಳತೆ 38. ಒಳಗೆ ಚೂಡಿದಾರವೂ ಇರುತ್ತದಲ್ವಾ, ಹಾಗಾಗಿ 46ರದ್ದು ಆರಿಸಿದೆ.

ಆ ಪ್ಯಾಟರ್ನನ್ನು ಹಾಳೆಗಳ ಮೇಲೆ ಪ್ರಿಂಟ್ ಹಾಕಿಸುವಾಗ ಇನ್ನೊಂದು ಎಡವಟ್ಟು. ಜೆರಾಕ್ಸ್ ಅಂಗಡಿಯ ಹುಡುಗ ಹಾಳೆಗೆ ಹೊಂದಿಸಿ ಕುಗ್ಗಿಸಿಬಿಟ್ಟಿದ್ದ. ಮೂವತ್ತು ಹಾಳೆ ಅಂಟಿಸಿದ ಮೇಲೆ ನಾನು ಪರೀಕ್ಷೆಯ ಚೌಕ, ಅಂದರೆ ಪ್ರಿಂಟ್ ಸರಿ ಅಳತೆಗೆ ಬಂದಿದೆಯಾ ನೋಡಲು ಕೊಟ್ಟಿರುವ ಚೌಕ, ಅಳೆದೆ. ನಾಲ್ಕು ಇಂಚು ಇರಬೇಕಾದದ್ದು ಮೂರು ಮುಕ್ಕಾಲು! ಅಂದರೆ 46ರಲ್ಲಿ ಸುಮಾರು ಮೂರು ಇಂಚು ಮಾಯ. ಆ ಚೌಕ ಇರುವ ಒಂದೇ ಹಾಳೆಯನ್ನು ಮೊದಲು, 100 ಪರ್ಸೆಂಟ್ ಸೈಜಿನಲ್ಲಿ ಹಾಕಿಸಿ ಅಳೆದಿದ್ದರೆ ಆಗುತ್ತಿತ್ತು.

ಇನ್ನು ಕತ್ತರಿ. ಮೊದಲು ಪದರ ಸೇರಿಸಿ ಗೆರೆ ಹೊಲಿಯಬೇಕು, ಆಮೇಲೆ ಪ್ಯಾಟರ್ನ್ ಇಟ್ಟು ಸರಿ ಅಳತೆಗೆ ಕತ್ತರಿಸಬೇಕು. ಗೆರೆ ಹೊಲಿದಷ್ಟೂ ಬಟ್ಟೆ ಕುಗ್ಗುತ್ತದೆ. ಹನ್ನೆರಡು ಇಂಚಿನ ಚೌಕದಲ್ಲಿ ಹೊಲಿದು ನೋಡಿದೆ, ಅರ್ಧ ಇಂಚು ಹೋಗಿತ್ತು. ಅದಕ್ಕೇ ಪ್ರತಿ ತುಂಡಿಗೂ ಸುತ್ತ ಎರಡು ಇಂಚು ಜಾಸ್ತಿ ಬಟ್ಟೆ ಬಿಟ್ಟು, ನಡುವಿನ ಗೆರೆಯಿಂದ ಶುರುಮಾಡಿ ಆಚೆ ಈಚೆ ಹೊಲಿಯುತ್ತ ಹೋದೆ. ಮೇಲಿನ, ಕೆಳಗಿನ ಬಟ್ಟೆಯನ್ನು ಒಟ್ಟಿಗೆ ಮುಂದೆ ಎಳೆಯುವ ವಾಕಿಂಗ್ ಫುಟ್ ಅನ್ನು ಮಷೀನಿಗೆ ಹಾಕಿ, ಹೊಲಿಗೆಯ ಉದ್ದ ಮೂರೂವರೆ ಮಿಲಿಮೀಟರಿಗೆ ಇಟ್ಟರೆ ಮೇಲಿನ ಬಟ್ಟೆ ಜಾರಿ ಮುಂದೆ ಓಡುವುದಿಲ್ಲ. ಜೋಡಣೆ ಹೊಲಿಗೆಯ ಒಳಗಿದ್ದ ವ್ಯಾಡಿಂಗನ್ನು ಕತ್ತರಿಸಿ ತೆಗೆದು ಅಂಚಿಗೆ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆ ಪಟ್ಟಿ) ಕಟ್ಟಿದೆ.

ಗುಂಡಿ ಕಾಜಾ ಆ ದಪ್ಪದಲ್ಲಿ ನನ್ನ ಮಷೀನಿಗೆ ಆಗಲಿಲ್ಲ, ಬಟ್ಟೆ ಲಾಡಿ ಇಟ್ಟೆ. ಒಳಗಡೆಗೆ ಅವ್ವನ ಹಳೇ ಕಾಟನ್ ಸೀರೆಯನ್ನೇ ಹಾಕಿದ್ದೆ. ಅವ್ವ ಒಳಗೆ ಮಗುಚಿ ನೋಡಿದಳು. 'ಇನ್ನೆರಡು ಸೀರೆ ಹಾಕಿದ್ದರೆ ಹೊದೆಯೋಕೆ ಕೌದಿನೇ ಆಗ್ತಿತ್ತಲ್ಲೇ!'