ಮುಖ ಬಿಟ್ಟು ಮಾತು ಹುಡುಕಿದೆ: ನನ್ನ ಅನುಭವ

ಮಹಿಳೆ ಕಾಣೆ ಕೇಸು ಬಂದರೆ ಪೊಲೀಸರಾದ ನಾವೆಲ್ಲ ಮೊದಲು ಕೇಳುವುದು ಮೊಬೈಲ್ ನಂಬರ್, ಅಲ್ವಾ? ಅಂಕೋಲಾ ಕಡೆಯ ಈ ಹೆಂಗಸಿಗೆ ಮೊಬೈಲೇ ಇರಲಿಲ್ಲ. ವಯಸ್ಸು 45ರ ಆಸುಪಾಸು, ಮಾನಸಿಕ ಕಾಯಿಲೆ, ಗಂಡ ತೀರಿಹೋಗಿದ್ದ. ಅಣ್ಣ ದೂರು ಕೊಟ್ಟಿದ್ದೇ ತಿಂಗಳ ಮೇಲೆ. "ಹಿಂದೆಯೂ ಹೋಗಿದ್ಳು, ತಾನೇ ಬಂದಿದ್ಳು ಮೇಡಂ" ಎಂದ.

ಫೋಟೊ ಹಿಡಿದು ಕಾರವಾರ, ಕುಮಟಾ, ಮಡಗಾಂವ್ ಸ್ಟೇಷನ್‌ ಎಲ್ಲ ಸುತ್ತಿದೆ. ಫೋಟೊದಲ್ಲಿ ಉದ್ದ ಜಡೆ, ತುಂಬಿದ ಕೆನ್ನೆ. ಆಶ್ರಯ ಮನೆಗಳಲ್ಲಿ ಹೇನೆಂದು ಕೂದಲು ತೆಗೆದಿರುತ್ತಾರೆ, ಮೈ ಇಳಿದಿರುತ್ತದೆ. ಒಡಹುಟ್ಟಿದವರಿಗೂ ಗುರುತು ಸಿಗಲ್ಲ. ರವಿಕೆ ಹೊಲಿದ ದರ್ಜಿಯನ್ನೂ ಹುಡುಕಿ ನೋಡಿದೆ. ಸುಮ್ನೆ ಓಡಾಟ. ಅಲ್ಲಿ ಎಲ್ಲರಿಗೂ ನೈಟಿ ಹಾಕಿಸಿರುತ್ತಾರೆ.

ಆಮೇಲೆ ಮುಖ ಬಿಟ್ಟು ಮಾತು ಹಿಡಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಲಕ್ಕಿಯವರ ಮಾತು ಬೇರೆ, ಹವ್ಯಕರದು ಬೇರೆ, ಭಟ್ಕಳದ ನವಾಯತಿ ಬೇರೆ. ಹೊರಗಿನವರ ಕಿವಿಗೆ ಅದು ಬರೀ ಬಡಬಡಿಕೆ. ಆಶ್ರಯ ಮನೆಗಳಲ್ಲಿ ಗುರುತಿಲ್ಲದ ಹೆಂಗಸರು ಪದೇ ಪದೇ ಆಡುವ ಮಾತನ್ನು ಒಂದು ವಹಿಯಲ್ಲಿ ಬರೆಯುತ್ತಾ ಹೋದೆ. "ಇದೆಂಥ ತನಿಖೆ" ಎಂದರು ಜೊತೆಯವರು. ಏಳೆಂಟು ಸಾವಿರ ಕೈಯಿಂದ ಹೋಯಿತು.

ಗೋವಾದ ಒಂದು ಆಶ್ರಯ ಮನೆಯ ರಿಜಿಸ್ಟರಿನಲ್ಲಿ ಒಬ್ಬಳ ಹೆಸರು "ಆಸ್ರಿ" ಎಂದಿತ್ತು. ನನಗೆ ಮೈ ಜುಮ್ಮೆಂದಿತು. ಅದು ಹೆಸರಲ್ಲ. ಬಾಯಾರಿ ಬಂದವರಿಗೆ ಕುಡಿಯಲು ಕೊಡುವುದಕ್ಕೆ ನಮ್ಮ ಕಡೆ ಆಸ್ರಿ ಅನ್ನುತ್ತೇವೆ. ಐದು ತಿಂಗಳು ಆಕೆ ಕುಡಿಯಲು ಕೇಳಿದ್ದಳು, ಅವರು ಹೆಸರೆಂದು ಬರೆದುಕೊಂಡಿದ್ದರು. ಪಕ್ಕದಲ್ಲಿ ಕೂತು "ಆಸ್ರಿ ಬೇಕಾ ಅಕ್ಕಾ?" ಎಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಊರಿನ ಹೆಸರನ್ನು ಹೇಗೆ ಬಾಯಿ ಬಿಡಿಸಿದೆ ಅನ್ನುವುದು ನನ್ನಲ್ಲೇ ಇರಲಿ. ನೇರವಾಗಿ ಮಾತ್ರ ಕೇಳಬೇಡಿ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಕಲಂ ಪ್ರಕಾರ ಗೋವಾದಲ್ಲಿ ಎಫ್‌ಐಆರ್ ಆಗಿತ್ತು, ಅಣ್ಣನ ದೂರಿನ ಮೇಲೆ ಇಲ್ಲೂ ಆಗಿತ್ತು. ಒಬ್ಬಳೇ ಹೆಂಗಸು, ಎರಡು ಫೈಲು. ಹೆಣ್ಣುಮಕ್ಕಳಿಗೆ ಸಯನೈಡ್ ಕೊಟ್ಟು ಕೊಲ್ಲುತ್ತಿದ್ದು, 2009ರಲ್ಲಿ ಸಿಕ್ಕಿಬಿದ್ದ ಸಯನೈಡ್ ಮೋಹನನ ಕೇಸಿನಲ್ಲೂ ಹೀಗೇ ಆಗಿತ್ತು. ದಕ್ಷಿಣ ಕನ್ನಡದಲ್ಲಿ ಹುಡುಗಿ ಕಾಣೆ, ಮೈಸೂರು, ಮಡಿಕೇರಿ ಬಸ್ ನಿಲ್ದಾಣದ ಶೌಚಾಲಯದಲ್ಲಿ ಗುರುತಿಲ್ಲದ ಶವ. ಎರಡನ್ನೂ ಜೋಡಿಸುವಷ್ಟರಲ್ಲಿ 20ರಷ್ಟು ಹೆಣ್ಣುಮಕ್ಕಳು ಹೋಗಿದ್ದರು. ಅದು ನೆನಪಾಗಿ ನನ್ನ ವಹಿಗೆ ಯುಡಿಆರ್‌ಗಳನ್ನೂ (ಅಸಹಜ ಸಾವಿನ ವರದಿ) ಹೊಂದಿಸಿ ನೋಡಿದೆ. ಒಂದೂ ಕೂಡಲಿಲ್ಲ, ಆದರೂ ಬಿಟ್ಟಿಲ್ಲ.

ಮಾತು ಹಿಡಿದು ಈವರೆಗೆ ಎಂಟೋ ಒಂಬತ್ತೋ ಮಂದಿಯನ್ನು ಮನೆ ಸೇರಿಸಿದ್ದೇನೆ. ಅಂದು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಬೆಳಗಾವಿ ಕಡೆ ಇನ್ನೊಬ್ಬಳಿದ್ದಾಳೆ. "ಬಳಚು" ಎಂದು ಹೇಳಿ, ಬೆರಳು ಮಡಚಿ ನೆಲ ಕೆರೆದು ತೋರಿಸುತ್ತಾಳೆ. ಬಳಚು ಅಂದರೆ ನಮ್ಮ ಕಡೆ ಹೊಳೆಯ ಅಳಿವೆಯಲ್ಲಿ ಕೆರೆದು ತೆಗೆಯುವ ಚಿಪ್ಪಿ. ಈ ಭಾನುವಾರ ಅಘನಾಶಿನಿ ದಡದ ಊರುಗಳಿಗೆ ಹೊರಟಿದ್ದೇನೆ.