ಅಮೆರಿಕದಲ್ಲಿ ಆನ್‌ಲೈನ್ ಇಸ್ಪೀಟು: ಗೆದ್ದದ್ದಕ್ಕೆ ತೆರಿಗೆ, ಸೋತದ್ದಕ್ಕೆ ಲೆಕ್ಕವಿಲ್ಲ

ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿದ್ದನ್ನೂ, ಆನ್‌ಲೈನ್ ಆಟಗಳ ಮೇಲೆ ರಾಜ್ಯ ಸರ್ಕಾರ ತಂದಿದ್ದ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದನ್ನೂ ಬೆಂಗಳೂರಿನಿಂದ ಅಮೆರಿಕಕ್ಕೆ ಓದಲು ಬರುವ ಹುಡುಗರು ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣವೊಡ್ಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಅಮೆರಿಕದಲ್ಲಿಯೂ ಕೌಶಲದ ಆಟ ಜೂಜಲ್ಲ ಎಂಬ ವಾದ ಹೆಚ್ಚು ದೂರ ಸಾಗಿಲ್ಲ. ಹಣವೊಡ್ಡಿ ಆಡುವ ಇಸ್ಪೀಟಾಟವಾದ ಪೋಕರ್‌ನಲ್ಲಿ ಕೌಶಲದ್ದೇ ಮೇಲುಗೈ ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರೊಬ್ಬರು 2012ರಲ್ಲಿ ತೀರ್ಪಿತ್ತರು. ಮರುವರ್ಷವೇ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು.

ಇಲ್ಲಿ ಮುಖ್ಯವಾಗುವುದು ಆಡುವ ಹೊತ್ತಿನಲ್ಲಿ ನೀವು ಯಾವ ರಾಜ್ಯದ ನೆಲದ ಮೇಲಿದ್ದೀರಿ ಎಂಬುದು. ನೆವಾಡಾ, ನ್ಯೂಜೆರ್ಸಿ, ಡೆಲವೇರ್, ಪೆನ್ಸಿಲ್ವೇನಿಯಾ, ಮಿಷಿಗನ್, ವೆಸ್ಟ್ ವರ್ಜಿನಿಯಾಗಳಲ್ಲಿ ಪರವಾನಗಿ ಪಡೆದ ಆನ್‌ಲೈನ್ ಪೋಕರ್ ನಡೆಯುತ್ತದೆ. ಕನ್ನಡಿಗರು ತುಂಬಿರುವ ಕ್ಯಾಲಿಫೋರ್ನಿಯಾದಲ್ಲಿ ಇಸ್ಪೀಟಿನ ಕ್ಲಬ್ಬುಗಳಿಗೆ ಪರವಾನಗಿಯುಂಟು, ಆನ್‌ಲೈನ್ ಪೋಕರಿಗಿಲ್ಲ. ಸಿಯಾಟಲ್, ರೆಡ್ಮಂಡ್ ಕಡೆ ಕೆಲಸಕ್ಕೆ ಬಂದವರಂತೂ ಈ ಗೊಡವೆಗೇ ಹೋಗಬಾರದು. ವಾಷಿಂಗ್ಟನ್ ರಾಜ್ಯದ ಕಾನೂನು 2006ರಿಂದ ಇಂಟರ್ನೆಟ್ ಜೂಜನ್ನು ಗುರುತರ ಅಪರಾಧಗಳ ಸಾಲಿಗೆ ಸೇರಿಸಿದೆ. ವಿದೇಶದಲ್ಲಿ ಕುಳಿತು ಪರವಾನಗಿಯಿಲ್ಲದೆ ನಡೆಸುವ ತಾಣಗಳ ಬಗ್ಗೆ ಹೇಳುವುದಾದರೆ, 2011ರ ಏಪ್ರಿಲಿನಲ್ಲಿ ಫೆಡರಲ್ ಸರ್ಕಾರ ದೊಡ್ಡ ಪೋಕರ್ ತಾಣಗಳಿಗೆ ಬೀಗ ಜಡಿದಾಗ ಫುಲ್ ಟಿಲ್ಟ್ ತಾಣದಲ್ಲಿ ಸಿಕ್ಕಿಕೊಂಡ ಹಣ ಆಟಗಾರರ ಕೈಗೆ ಮರಳತೊಡಗಿದ್ದು 2014ರಲ್ಲಿ.

ಇಷ್ಟನ್ನು ಯಾರಾದರೂ ಹೇಳಿಯಾರು. ಯಾರೂ ಹೇಳದೆ ಹುಡುಗರ ಕಿಸೆ ಖಾಲಿ ಮಾಡುತ್ತಿರುವುದು ತೆರಿಗೆ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಮಟ್ಟಿಗೆ ಅನಿವಾಸಿಗಳು. ಅವರು ಗೆದ್ದ ಹಣಕ್ಕೆ ಶೇ. 30ರ ತೆರಿಗೆಯಿದೆ, ಸೋತ ಹಣವನ್ನು ಅದರಲ್ಲಿ ಕಳೆಯುವಂತಿಲ್ಲ. ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತಿದ್ದ ಮೈಸೂರಿನ ಹುಡುಗನೊಬ್ಬ ವರ್ಷವೊಂದರಲ್ಲಿ ಗೆದ್ದ ದಿನಗಳ ಮೊತ್ತ 7,000 ಡಾಲರ್, ಸೋತ ದಿನಗಳದ್ದು 6,400. ಕೈಯಲ್ಲಿ ಉಳಿದದ್ದು 600 ಡಾಲರ್, ಕಟ್ಟಬೇಕಾದ ತೆರಿಗೆ 2,100. ತಾಣದಿಂದ ಯಾವ ಫಾರಂ ಕೂಡ ಬಂದಿರಲಿಲ್ಲವಾದ್ದರಿಂದ ತೆರಿಗೆಯೇ ಇಲ್ಲವೆಂದು ಅವನು ನಂಬಿದ್ದ. ಫಾರಂ ಬರಲಿ ಬಿಡಲಿ, ಗೆಲುವನ್ನು ಅನಿವಾಸಿಗಳ ತೆರಿಗೆ ಫಾರಂ ಆದ 1040-ಎನ್‌ಆರ್ ಜೊತೆಗಿನ ಷೆಡ್ಯೂಲ್ ಎನ್‌ಇಸಿ ಎಂಬ ಪಟ್ಟಿಯಲ್ಲಿ ತೋರಿಸಲೇಬೇಕು. ಭಾರತದ ವಿದ್ಯಾರ್ಥಿಗಳಿಗೆ ತೆರಿಗೆ ಒಪ್ಪಂದದಡಿ ಸಿಗುವ ಸ್ಟಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಕಳೆಯಬಹುದಾದ ನಿಗದಿತ ಮೊತ್ತ) ಸಂಬಳಕ್ಕೆ ನೆರವಾಗುತ್ತದೆಯೇ ಹೊರತು ಈ ಗೆಲುವನ್ನು ಮುಟ್ಟುವುದಿಲ್ಲ. ಒಪ್ಪಂದದಲ್ಲಿ ಜೂಜಿನ ಗೆಲುವಿಗೆ ವಿನಾಯಿತಿಯೂ ಇಲ್ಲ. ಸ್ನೇಹಿತನ ಸಾಫ್ಟ್‌ವೇರಿನಲ್ಲಿ ನಿವಾಸಿಗಳ 1040 ತುಂಬಿ ನಷ್ಟವನ್ನು ಕಳೆದುಕೊಂಡವರು ಎರಡು ತಪ್ಪನ್ನು ಒಟ್ಟಿಗೆ ಮಾಡಿರುತ್ತಾರೆ.

ಒಂದು ಸಣ್ಣ ಆಸರೆಯಿದೆ. ಅನಿವಾಸಿಗಳೂ ಗೆಲುವನ್ನು ಒಮ್ಮೆ ಆಡಲು ಕೂತು ಏಳುವವರೆಗಿನ ಒಟ್ಟು ಲೆಕ್ಕದಿಂದ ಅಳೆಯಬಹುದೆಂದು ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಸ್ಲಾಟ್ ಯಂತ್ರದ ಪ್ರಕರಣವೊಂದರಲ್ಲಿ ಹೇಳಿದೆ. ಆದ್ದರಿಂದ ಕೂತ ಹೊತ್ತು, ಎದ್ದ ಹೊತ್ತು, ಖಾತೆಯಲ್ಲಿದ್ದ ಮೊತ್ತ ಇವನ್ನು ಅಂದಂದೇ ಬರೆದಿಡಿ. ವಿಚಿತ್ರವೆಂದರೆ ಬ್ಲ್ಯಾಕ್‌ಜಾಕ್, ಬ್ಯಾಕರಾ ಎಂಬ ಇಸ್ಪೀಟಾಟಗಳ, ಚಕ್ರದಲ್ಲಿ ಗೋಲಿ ಉರುಳಿಸುವ ರೂಲೆಟ್‌ನ ಗೆಲುವಿಗೆ ಅನಿವಾಸಿಗಳಿಗೆ ಈ ತೆರಿಗೆಯೇ ಇಲ್ಲ. ಉರುಳುವ ಗೋಲಿಗೆ ವಿನಾಯಿತಿ, ತಲೆ ಓಡಿಸಿ ಆಡುವ ಪೋಕರಿಗೆ ದಂಡ!

ನಿವಾಸಿಗಳ ಪಾಡೂ ಅಷ್ಟೇನೂ ಸುಖದ್ದಲ್ಲ. ಅವರು ಸ್ಟಾಂಡರ್ಡ್ ಡಿಡಕ್ಷನ್ ಬಿಟ್ಟುಕೊಟ್ಟರೆ ಮಾತ್ರ ನಷ್ಟವನ್ನು ತೋರಿಸಬಹುದು, ಅದೂ ಗೆಲುವಿನ ಮಿತಿಯೊಳಗೆ. 2026ರಿಂದ ನಷ್ಟದ ಶೇ. 90 ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮವರು 2023ರಲ್ಲಿ ಆನ್‌ಲೈನ್ ಆಟಕ್ಕೆ ಶೇ. 30 ಹಾಕಿದಾಗಲೂ ಅದು ನಿವ್ವಳ ಗೆಲುವಿನ ಮೇಲಿತ್ತು. ಆ ಒಂದು ವಿಷಯದಲ್ಲಿ ದೆಹಲಿಯ ನ್ಯಾಯವೇ ಮೇಲು. ಬ್ರಿಟನ್ ಇನ್ನೂ ಸರಳ: ಆಟಗಾರನ ಗೆಲುವಿಗೆ ಅಲ್ಲಿ ತೆರಿಗೆಯಿಲ್ಲ, ನಡೆಸುವವನಿಂದ ವಸೂಲು ಮಾಡುತ್ತಾರೆ.

ಇಲ್ಲೇ ನೆಲೆಸುವ ಮನಸ್ಸಿರುವವರು ಇನ್ನೊಂದನ್ನು ಗಮನಿಸಬೇಕು. ಪೌರತ್ವದ ಅರ್ಜಿಯಾದ ಎನ್-400, ನೀವು ಎಂದಾದರೂ ಕಾನೂನುಬಾಹಿರವಾಗಿ ಜೂಜಾಡಿದ್ದೀರಾ ಎಂದು ನೇರವಾಗಿ ಕೇಳುತ್ತದೆ, ಅದರ ಉತ್ತರಕ್ಕೆ ಪ್ರಮಾಣ ಮಾಡಿ ಸಹಿ ಹಾಕಬೇಕಾಗುತ್ತದೆ. ನ್ಯೂಜೆರ್ಸಿಯ ಪರವಾನಗಿ ಪಡೆದ ತಾಣದಲ್ಲಿ ಆಡಿದವರು ಇಲ್ಲವೆಂದು ಬರೆಯಬಹುದು. ರೆಡ್ಮಂಡಿನಲ್ಲಿ ಕೂತು, ಇರುವ ಜಾಗವನ್ನು ಮರೆಮಾಚುವ ವಿಪಿಎನ್ ಹಾಕಿಕೊಂಡು ಆಡಿದವರು ಹಾಗೆ ಬರೆಯುವ ಮೊದಲು ವಲಸೆ ವಕೀಲರನ್ನು ಕಾಣಬೇಕು.